ಹದಿನಾರು ಚಾನೆಲ್‌ಗಳಲ್ಲಿ ಪಿಟೀಲು ಕೆಡಿಸುವ ಕ್ರಮ

ಮೊದಲು ಗುರಿ ಖಚಿತವಾಗಲಿ. ನಿಮ್ಮ ಹಾಡು ಕಂಪ್ಯೂಟರ್‌ನಲ್ಲಿ ಕೇಳಿದರೆ ಮೈ ಜುಮ್ಮೆನ್ನಬೇಕು. ಅದನ್ನೇ ಕಾಗದಕ್ಕೆ ಇಳಿಸಿ ಪಿಟೀಲಿನವರ ಮುಂದಿಟ್ಟರೆ ಅವರು ಕನ್ನಡಕ ತೆಗೆದು ಒರೆಸಿಕೊಳ್ಳಬೇಕು. ಎರಡನ್ನೂ ಒಟ್ಟಿಗೆ ಸಾಧಿಸುವುದು ಕಷ್ಟವೇನಲ್ಲ. ಒಂದು ಲ್ಯಾಪ್‌ಟಾಪ್, ಸಣ್ಣದೊಂದು ಮಿಡಿ ಕೀಬೋರ್ಡ್, ಯಾರೋ ಪೆನ್‌ಡ್ರೈವ್‌ನಲ್ಲಿ ಹಾಕಿಕೊಟ್ಟ ಸ್ಟ್ರಿಂಗ್ಸ್ ಲೈಬ್ರರಿ ಇದ್ದರೆ ಹಾಸನದ ಬಳಿಯ ಶಾಂತಿಗ್ರಾಮದ ನಿಮ್ಮ ಮನೆಯ ಮಹಡಿ ಕೋಣೆಯಲ್ಲೇ ಎಲ್ಲ ಮುಗಿಯುತ್ತದೆ. ಹೆದ್ದಾರಿ ಕಡೆಯ ಕಿಟಕಿ ಮುಚ್ಚಿಕೊಳ್ಳಿ. ಟೋಲ್ ದಾಟಿದ ಖುಷಿಗೆ ಹಾರ್ನ್ ಹೊಡೆಯುವ ಲಾರಿಗಳಿಗೆ ಕೊಡಲು ನಿಮ್ಮಲ್ಲಿ ಚಾನೆಲ್ ಉಳಿದಿರುವುದಿಲ್ಲ.

ಊರಿನ ಹೆಸರನ್ನು ಧಾರಾಳವಾಗಿ ಬಳಸಿಕೊಳ್ಳಿ. ಹೊಯ್ಸಳ ವಿಷ್ಣುವರ್ಧನನ ರಾಣಿ, ನಾಟ್ಯ ಸಂಗೀತಗಳಲ್ಲಿ ಹೆಸರಾದ ಶಾಂತಲೆಯಿಂದಲೇ ಈ ಊರಿಗೆ ಹೆಸರು ಬಂತೆಂಬ ಪ್ರತೀತಿಯಿದೆ. ಅದನ್ನು ವಿಸಿಟಿಂಗ್ ಕಾರ್ಡಿನ ಹಿಂಬದಿಯಲ್ಲಿ ಅಚ್ಚು ಹಾಕಿಸಿ. ಆದರೆ ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದ ಕಡೆ ಮಾತ್ರ ತಲೆ ಹಾಕಬೇಡಿ. ಕಾವೇರಿ ದಂಡೆಯ ಆ ಸಣ್ಣ ಊರು ಗಾಯಕ ಆರ್.ಕೆ. ಶ್ರೀಕಂಠನ್ ಅವರನ್ನು ಕೊಟ್ಟಿದೆ, ಅವರ ಅಣ್ಣ ಪಿಟೀಲು ವಿದ್ವಾನ್ ವೆಂಕಟರಾಮಶಾಸ್ತ್ರಿಗಳನ್ನು ಕೊಟ್ಟಿದೆ, ರುದ್ರಪಟ್ಟಣಂ ಸಹೋದರರನ್ನು ಕೊಟ್ಟಿದೆ. ಅಲ್ಲಿ ತಂಬೂರಿ ಆಕಾರದ ಮಂದಿರವನ್ನೇ ಕಟ್ಟಿದ್ದಾರೆ. ಅಂಥ ಕಡೆ ಹೋದರೆ ಯಾರಾದರೂ ಹಿರಿಯರು "ಎಲ್ಲಿ ಮಗು, ಒಂದು ಸಲ ಹಾಡಿ ತೋರಿಸು" ಅಂದುಬಿಡುವ ಅಪಾಯವಿದೆ.

ಸಿದ್ಧಾಂತ ಸ್ವಲ್ಪ ತಿಳಿದಿರಲಿ. ಕೆಡಿಸಹೊರಟವನಿಗೆ ಸರಿ ಯಾವುದೆಂದು ಗೊತ್ತಿಲ್ಲದಿದ್ದರೆ ಅಪ್ಪಿತಪ್ಪಿ ಸರಿಯಾಗಿಬಿಡುತ್ತದೆ.

ಪಿಟೀಲು ಒಂದೇ ಆದರೂ ಅದರಿಂದ ಹೊರಡುವ ನಾದ ಹಲವು ಬಗೆ. ಕಮಾನು ಎತ್ತದೆ ಸ್ವರದಿಂದ ಸ್ವರಕ್ಕೆ ಹೋದರೆ ಲೆಗಾಟೊ. ತುಂಡು ತುಂಡಾಗಿ ಎಳೆದರೆ ಸ್ಟ್ಯಾಕಾಟೊ. ತಂತಿಯ ಮೇಲೆ ಕಮಾನನ್ನು ಪುಟಿಸಿದರೆ ಸ್ಪಿಕಾಟೊ, ಒಂದೇ ಸ್ವರದ ಮೇಲೆ ಗಡಗಡ ಆಡಿಸಿದರೆ ಟ್ರೆಮೊಲೊ, ಕಮಾನು ಬಿಟ್ಟು ಬೆರಳಲ್ಲಿ ಮೀಟಿದರೆ ಪಿಟ್ಸಿಕಾಟೊ. ಒಟ್ಟಾಗಿ ಇವಕ್ಕೆ ಆರ್ಟಿಕ್ಯುಲೇಶನ್ ಅನ್ನುತ್ತಾರೆ. ಸ್ಟಾಫ್ ನೊಟೇಶನ್ ಓದುವ ಕಲಾವಿದರಿಗೆ ಸ್ವರದ ತಲೆಯ ಮೇಲೊಂದು ಚುಕ್ಕಿ ಸಾಕು, ಕೈ ತಾನಾಗಿ ಬದಲಾಗುತ್ತದೆ. ಲೈಬ್ರರಿಗೆ ಚುಕ್ಕಿ ಕಾಣುವುದಿಲ್ಲ. ಒಂದೊಂದು ಬಗೆಯನ್ನೂ ಬೇರೆ ಬೇರೆಯಾಗಿ ರೆಕಾರ್ಡ್ ಮಾಡಿ ಅದರಲ್ಲಿ ತುಂಬಿರುತ್ತಾರೆ. ಈಗ ಯಾವುದು ಬೇಕು ಎಂದು ಪ್ರತಿ ಸಲವೂ ಯಾರಾದರೂ ಹೇಳಬೇಕು. ಹೇಳುವ ಹಳೆಯ, ಗಟ್ಟಿ ದಾರಿಯೆಂದರೆ ಒಂದೊಂದು ಬಗೆಗೆ ಒಂದೊಂದು ಮಿಡಿ ಚಾನೆಲ್ ಕೊಡುವುದು.

ವಾದ್ಯಗಳೂ ಕಂಪ್ಯೂಟರ್‌ಗಳೂ ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವ ಈ ಮಿಡಿ ಭಾಷೆ 1983ರದು. ಆ ವರ್ಷದ ಜನವರಿಯಲ್ಲಿ ಅಮೆರಿಕದ ನ್ಯಾಮ್ ಎಂಬ ವಾದ್ಯ ವ್ಯಾಪಾರದ ಮೇಳದಲ್ಲಿ ಎರಡು ಬೇರೆ ಬೇರೆ ಕಂಪನಿಗಳ ಕೀಬೋರ್ಡ್‌ಗಳನ್ನು ಒಂದು ಕೇಬಲ್ ಹಾಕಿ ಜೋಡಿಸಿ, ಇದನ್ನು ಒತ್ತಿದರೆ ಅದು ನುಡಿಯುವಂತೆ ಮಾಡಿ ತೋರಿಸಿದರು. ಅಮೆರಿಕದ ಡೇವ್ ಸ್ಮಿತ್, ಜಪಾನಿನ ರೋಲ್ಯಾಂಡ್ ಕಂಪನಿಯ ಇಕುತಾರೊ ಕಾಕೆಹಾಶಿ ಇದರ ಹಿಂದಿದ್ದವರು. ಇಬ್ಬರಿಗೂ 2013ರಲ್ಲಿ ಇದಕ್ಕಾಗಿ ಟೆಕ್ನಿಕಲ್ ಗ್ರ್ಯಾಮಿ ಸಿಕ್ಕಿತು. ಚಾನೆಲ್ ನಂಬರ್ ಬರೆಯಲು ಆ ಭಾಷೆಯಲ್ಲಿ ನಾಲ್ಕು ಬಿಟ್ ಜಾಗ ಇಟ್ಟರು, ಹಾಗಾಗಿ ಒಂದು ಕೇಬಲ್ಲಿಗೆ ಹದಿನಾರೇ ಚಾನೆಲ್. ಯಾವ ಸ್ವರ, ಎಷ್ಟು ಜೋರು, ಯಾವ ಚಾನೆಲ್ ಎಂಬುದನ್ನು ಮಿಡಿ ಹೇಳುತ್ತದೆ. ನಾದವನ್ನು ಅದು ಸಾಗಿಸುವುದಿಲ್ಲ. ಈ ವಿಷಯ ನಿಮ್ಮ ಗಿರಾಕಿಗೆ ಹೇಳಬೇಡಿ. ಕೇಬಲ್ ಒಳಗೆ ಪಿಟೀಲೇ ಹರಿಯುತ್ತದೆಂದು ಅವರು ತಿಳಿದುಕೊಂಡಿದ್ದರೆ ತಿಳಿದುಕೊಂಡಿರಲಿ.

ಬಲ್ಲವರ ಕ್ರಮ ಹೀಗಿರುತ್ತದೆ. 1 ಎಂದರೆ ಲೆಗಾಟೊ, 2 ಸ್ಟ್ಯಾಕಾಟೊ, 3 ಸ್ಪಿಕಾಟೊ, 4 ಟ್ರೆಮೊಲೊ, 5 ಪಿಟ್ಸಿಕಾಟೊ ಎಂದು ಒಮ್ಮೆ ಗೊತ್ತು ಮಾಡಿ ಚೀಟಿ ಬರೆದು ಗೋಡೆಗೆ ಅಂಟಿಸುತ್ತಾರೆ. ಒಂದನೇ ಪಿಟೀಲು, ಎರಡನೇ ಪಿಟೀಲು, ವಿಯೋಲಾ, ಚೆಲ್ಲೊ, ಡಬಲ್ ಬೇಸ್ ಐದಕ್ಕೂ ಅದೇ ಕ್ರಮ, ಒಂದೊಂದು ವಾದ್ಯಕ್ಕೂ ಬೇರೆ ಪೋರ್ಟ್, ಅಂದರೆ ಹದಿನಾರು ಚಾನೆಲ್‌ಗಳ ಬೇರೆಯೇ ಕೇಬಲ್ ಇದ್ದ ಹಾಗೆ. ಸ್ಕೋರಿನಲ್ಲಿ ಒಂದು ವಾದ್ಯದ ಎಲ್ಲ ಚಾನೆಲ್‌ಗಳೂ ಒಂದೇ ಸಾಲಿನಲ್ಲಿ ಕಾಣುವಂತೆ ಹೊಂದಿಸುತ್ತಾರೆ. ಸ್ವರದ ಚಾನೆಲ್ ಬದಲಾದರೆ ನಾದ ಮಾತ್ರ ಬದಲಾಗುತ್ತದೆ, ಕಾಗದದ ಮೇಲೆ ಸ್ವರ ತನ್ನ ಜಾಗದಲ್ಲೇ ಇರುತ್ತದೆ. ಆಮೇಲೆ ಅದರ ಮೇಲೆ ಚುಕ್ಕಿಯನ್ನೋ 'ಪಿಟ್ಸ್.' ಎಂಬ ಗುರುತನ್ನೋ ಹಾಕಿ ಮನುಷ್ಯರಿಗೂ ತಿಳಿಸುತ್ತಾರೆ. ಯಂತ್ರಕ್ಕೊಂದು, ಮನುಷ್ಯರಿಗೊಂದು, ಎರಡೂ ಒಂದೇ ಸ್ವರದ ಮೇಲೆ. ಇದು ಗೊತ್ತಾಯಿತಲ್ಲ, ಇನ್ನು ನೀವು ಆ ಚೀಟಿ ಬರೆಯಬೇಡಿ.

ಐದು ವಾದ್ಯಗಳನ್ನೂ ಒಂದೇ ಪೋರ್ಟಿಗೆ ತುಂಬಿಸಿ. ಐದೈದಲಿ ಇಪ್ಪತ್ತೈದು, ಇರುವುದು ಹದಿನಾರು. ಗಾಬರಿ ಬೇಡ. ಮೂರು ವಾದ್ಯ ಮುಗಿಸಿ ಒಂದು ಚಾನೆಲ್ ಉಳಿಯುವವರೆಗೆ ಒಂದೊಂದು ಬಗೆಗೆ ಒಂದೊಂದು ಕೊಡುತ್ತ ಹೋಗಿ. ಆಮೇಲೆ ಚೆಲ್ಲೊದವರು ಮೀಟುವುದನ್ನೂ ವಿಯೋಲಾದವರು ಗಡಗಡ ಆಡಿಸುವುದನ್ನೂ ಒಂದೇ ಚಾನೆಲ್‌ನಲ್ಲಿ ಕೂರಿಸಿ. ಇಬ್ಬರೂ ಒಟ್ಟಿಗೆ ಬರುವ ಜಾಗದಲ್ಲಿ ಏನು ಕೇಳಿಸುತ್ತದೋ ಅದಕ್ಕೆ 'ಫ್ಯೂಶನ್' ಎಂದು ಹೆಸರಿಡಿ.

ಹತ್ತನೇ ಚಾನೆಲ್ ಬಗ್ಗೆ ವಿಶೇಷ ಗಮನವಿರಲಿ. 1991ರ ಜನರಲ್ ಮಿಡಿ ಒಪ್ಪಂದದ ಪ್ರಕಾರ ಅದು ತಾಳವಾದ್ಯಗಳಿಗೆ ಮೀಸಲು. ಆದ್ದರಿಂದ ಪಿಟ್ಸಿಕಾಟೊವನ್ನು ಅಲ್ಲೇ ಇಡಿ. ನಿಮ್ಮ ಲೈಬ್ರರಿಯಲ್ಲಿ ಎಲ್ಲ ಸರಿಯಾಗಿಯೇ ಕೇಳಿಸುತ್ತದೆ, ಏಕೆಂದರೆ ಅದು ಈ ಒಪ್ಪಂದಕ್ಕೆ ಕಟ್ಟುಬಿದ್ದಿರುವುದಿಲ್ಲ. ಫೈಲನ್ನು ಹಾಸನದ ಸ್ನೇಹಿತರಿಗೆ ಕಳಿಸಿ, ಅವರು ಅದನ್ನು ಸಾಧಾರಣ ಕೀಬೋರ್ಡ್‌ನಲ್ಲಿ ಹಾಕಿ ನೋಡಿದಾಗ ಫಲ ಸಿಗುತ್ತದೆ. ಪಿಟೀಲಿನ ಜಿ ತಂತಿ ಮೀಟಿದರೆ ಸ್ಪ್ಲ್ಯಾಶ್ ಸಿಂಬಲ್ ಝಣ್ ಅನ್ನುತ್ತದೆ. ಡಿ ತಂತಿ ಮೀಟಿದರೆ ಕಾಂಗಾ. ಎ ತಂತಿಗೆ ಮಣಿ ಸುತ್ತಿದ ಕಬಾಸಾ ಜರ್ ಅನ್ನುತ್ತದೆ. ಇ ತಂತಿಗೆ ಮರದ ತುಂಡು ಟಕ್ ಅನ್ನುತ್ತದೆ. ನಡುವೆ ಬಿ ಸ್ವರ ಬಂದರೆ ಸಾಕ್ಷಾತ್ ಸೀಟಿ. ನರಸಿಂಹಸ್ವಾಮಿಯ ಮೇಲಿನ ಭಕ್ತಿಗೀತೆಯಲ್ಲಿ ಪಲ್ಲವಿ ಮುಗಿಯುವ ಹೊತ್ತಿಗೆ ಸೀಟಿ ಬಿದ್ದರೆ ಜಾತ್ರೆಯ ವಾತಾವರಣ ತಾನೇ ಬರುತ್ತದೆ, ಬೇರೆ ಎಫೆಕ್ಟ್ ಹಾಕುವ ಖರ್ಚಿಲ್ಲ.

ಈಗ ಸ್ಕೋರ್ ತೆರೆಯಿರಿ. ಒಂದೊಂದು ಚಾನೆಲ್ಲಿಗೂ ಬೇರೆ ಟ್ರ್ಯಾಕ್ ಮಾಡಿರುತ್ತೀರಿ, ಬೇರೆ ಟ್ರ್ಯಾಕಿಗೆ ಬೇರೆ ಸಾಲು ತಾನಾಗಿ ಬಂದಿರುತ್ತದೆ. ಅವನ್ನು ಒಂದೇ ಸಾಲಿಗೆ ಸೇರಿಸುವ ಸೌಲಭ್ಯ ಮೆನುವಿನಲ್ಲಿ ಇರುತ್ತದೆ, ಮುಟ್ಟಬೇಡಿ. ಒಂದನೇ ಪಿಟೀಲಿಗೇ ಐದು ಸಾಲು. ಮೊದಲ ಸಾಲಿನಲ್ಲಿ ಎರಡು ಸ್ವರ, ಮೂರನೆಯ ಸ್ವರ ಎರಡು ಸಾಲು ಕೆಳಗೆ, ನಾಲ್ಕನೆಯದು ಮತ್ತೆ ಮೇಲೆ, ಉಳಿದ ಕಡೆಯೆಲ್ಲ ವಿರಾಮದ ಗುರುತುಗಳು. ಓದುವವರ ಕಣ್ಣು ಮೇಲೆ ಕೆಳಗೆ ಆಡುತ್ತಿರಬೇಕು. ನಾಲ್ಕು ಜನ ಪಿಟೀಲಿನವರನ್ನು ಕರೆಸಿದ್ದರೆ ಅವರು ಸಾಲಿಗೊಬ್ಬರಂತೆ ಹಂಚಿಕೊಳ್ಳಲು ನೋಡುತ್ತಾರೆ. ಐದನೆಯ ಸಾಲು ಯಾರದು ಎಂಬ ಚರ್ಚೆ ಏಳುತ್ತದೆ. ನೀವು ಆಗ ಫೋನ್ ಬಂತೆಂದು ಹೊರಗೆ ಹೋಗಿ.

ಒಂದೇ ಪದ್ಧತಿಗೆ ಅಂಟಿಕೊಳ್ಳುವುದು ಹಟಮಾರಿಗಳ ಲಕ್ಷಣ. ಅರ್ಧ ಹಾಡಿಗೆ ಚಾನೆಲ್, ಇನ್ನರ್ಧಕ್ಕೆ ಕೀಸ್ವಿಚ್ ಬಳಸಿ. ಕೀಸ್ವಿಚ್ ಎಂದರೆ ವಾದ್ಯಕ್ಕೆ ಇಲ್ಲದಷ್ಟು ಕೆಳಗಿನ ಸ್ವರವೊಂದನ್ನು ಒತ್ತಿ, ಇನ್ನು ಮುಂದೆ ಸ್ಟ್ಯಾಕಾಟೊ ನುಡಿಸು ಎಂದು ಲೈಬ್ರರಿಗೆ ಹೇಳುವ ಗುಟ್ಟಿನ ಸನ್ನೆ. ಆ ಸ್ವರಕ್ಕೆ ನಾದವಿಲ್ಲ. ಕೇಳುವವರಿಗೆ ತಿಳಿಯುವುದಿಲ್ಲ. ಆದರೆ ಸ್ಕೋರಿನಲ್ಲಿ ಅದು ಉಳಿದ ಸ್ವರಗಳಷ್ಟೇ ಗಂಭೀರವಾಗಿ ಅಚ್ಚಾಗುತ್ತದೆ. ಸಾಧಾರಣವಾಗಿ ಬಳಸುವ ಮಿಡಿ ಸ್ವರ 24 ಅನ್ನೇ ತೆಗೆದುಕೊಳ್ಳಿ. ಅದು ಪಿಟೀಲಿನ ಅತ್ಯಂತ ಕೆಳಗಿನ ತಂತಿಗಿಂತ ಎರಡೂವರೆ ಸ್ಥಾಯಿ ಕೆಳಗೆ. ಟ್ರೆಬಲ್ ಕ್ಲೆಫ್ ಸಾಲಿನಲ್ಲಿ ಅದನ್ನು ಬರೆಯಲು ಹನ್ನೊಂದು ಹೆಚ್ಚುವರಿ ಅಡ್ಡಗೆರೆ ಬೇಕು. ಹನ್ನೊಂದು ಗೆರೆ ಇಳಿದ ಆ ಸ್ವರ ಕೆಳಗಿನ ಎರಡನೇ ಪಿಟೀಲಿನ ಸಾಲಿನೊಳಗೆ ನುಗ್ಗಿ ಕೂತಿರುತ್ತದೆ. ಎರಡನೇ ಪಿಟೀಲಿನವರು ಅದು ತಮ್ಮದೆಂದು ನುಡಿಸಿಬಿಡುತ್ತಾರೆ. ಕೀಸ್ವಿಚ್‌ಗಳನ್ನು ಸ್ಕೋರಿನಲ್ಲಿ ಮರೆಮಾಡುವ ಬಟನ್ ಪ್ರತಿ ಒಳ್ಳೆಯ ಸಾಫ್ಟ್‌ವೇರ್‌ನಲ್ಲೂ ಇದೆ. ಅದು ಎಲ್ಲಿದೆ ಎಂದು ಹುಡುಕಲು ಹೋದರೆ ಸಂಜೆ ಹಾಳಾಗುತ್ತದೆ, ಬಿಡಿ.

ಕೀಸ್ವಿಚ್ ಯಾವ ಕೀಲಿ ಎಂದು ಲೈಬ್ರರಿಯ ಕೈಪಿಡಿಯಲ್ಲಿ ಬರೆದಿರುತ್ತದೆ. ಅಲ್ಲಿ 'ಸಿ-1' ಎಂದಿದ್ದರೆ ಯಾರ ಸಿ-1 ಎಂದು ಕೇಳಬೇಡಿ. ನಡುಸ್ಥಾಯಿಯ ಅದೇ ಸಿ ಯಮಹಾದವರಿಗೆ ಸಿ-3, ರೋಲ್ಯಾಂಡಿನವರಿಗೆ ಸಿ-4. ನಲವತ್ತು ವರ್ಷ ಕಳೆದರೂ ಈ ವ್ಯಾಜ್ಯ ತೀರಿಲ್ಲ, ತೀರುವ ಲಕ್ಷಣವೂ ಇಲ್ಲ. ನೀವು ಒಂದು ಸ್ಥಾಯಿ ಆಚೀಚೆ ಒತ್ತಿದರೆ ಸ್ಟ್ಯಾಕಾಟೊ ಬರಬೇಕಾದ ಕಡೆ ಏನೂ ಬದಲಾಗುವುದಿಲ್ಲ. ಕಾಗದದಲ್ಲಿ ಮಾತ್ರ ಇನ್ನೊಂದು ಅನಾಥ ಸ್ವರ ಸೇರಿಕೊಳ್ಳುತ್ತದೆ.

ಕಾಲಪ್ರಮಾಣ ಕೆಡಿಸುವುದು ಇದಕ್ಕಿಂತ ಸೂಕ್ಷ್ಮ ಕೆಲಸ. ಲೆಗಾಟೊ ಸ್ಯಾಂಪಲ್‌ಗಳು ಒತ್ತಿದ ತಕ್ಷಣ ನುಡಿಯುವುದಿಲ್ಲ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಹೊತ್ತನ್ನೂ ಒಳಗೆ ರೆಕಾರ್ಡ್ ಮಾಡಿರುವುದರಿಂದ ಅವು ತುಸು ತಡವಾಗಿ ಎದ್ದೇಳುತ್ತವೆ. ಇದಕ್ಕೆ ಟ್ರ್ಯಾಕ್‌ಗೆ ಮೈನಸ್ ಡಿಲೇ ಕೊಟ್ಟರೆ ಸಾಕು, ಸ್ವರಗಳು ಕಾಗದದಲ್ಲಿ ತಮ್ಮ ಜಾಗದಲ್ಲೇ ಇದ್ದು ಕಿವಿಗೆ ಮಾತ್ರ ಬೇಗ ಬರುತ್ತವೆ. ನೀವು ಹಾಗೆ ಮಾಡದೆ ಒಂದೊಂದು ಸ್ವರವನ್ನೂ ಮೌಸ್ ಹಿಡಿದು ಹಿಂದಕ್ಕೆ ಎಳೆಯಿರಿ. ವೇಗ 120 ಎಂದಿದ್ದರೆ ಒಂದು ಕ್ರಾಚೆಟ್‌ಗೆ ಅರ್ಧ ಸೆಕೆಂಡು, ಅದರ ಕಾಲುಭಾಗ 125 ಮಿಲಿಸೆಕೆಂಡು. ಅಷ್ಟು ಎಳೆದರೆ ಇಡೀ ಹಾಡು ಒಂದು ಸೆಮಿಕ್ವೇವರ್‌ನಷ್ಟು ಮುಂಚೆ ಶುರುವಾಗುತ್ತದೆ. ನಾಲ್ಕು ಸರಳ ಸ್ವರಗಳ ಸಾಲು ಕಾಗದದಲ್ಲಿ ತುಂಡು ಸ್ವರ, ಅದಕ್ಕೊಂದು ಟೈ, ಮತ್ತೆ ತುಂಡು ಸ್ವರ ಎಂದು ಮುಳ್ಳುಬೇಲಿಯ ಹಾಗೆ ಕಾಣುತ್ತದೆ. ಸ್ವರಗಳನ್ನು ಲೆಕ್ಕದ ಜಾಗಕ್ಕೆ ಕೂರಿಸುವ ಕ್ವಾಂಟೈಸ್ ಮಾಡಬೇಡಿ. ಕೇಳಿದವರಿಗೆ "ಫೀಲ್ ಹೋಗಿಬಿಡುತ್ತೆ" ಎಂದು ಹೇಳಿ.

ತಾಳದ ವಿಷಯಕ್ಕೆ ಬಂದರೆ, ಹಾಡು ಮಿಶ್ರಛಾಪಿನಲ್ಲಿದ್ದರೂ ಸಾಫ್ಟ್‌ವೇರ್ ತಾನಾಗಿ ಕೊಡುವ ನಾಲ್ಕಕ್ಕೆ ನಾಲ್ಕನ್ನೇ ಉಳಿಸಿಕೊಳ್ಳಿ. ಕ್ವೇವರ್ ಲೆಕ್ಕದಲ್ಲಿ ಆವರ್ತ ಏಳಕ್ಕೆ ಮುಗಿಯುತ್ತದೆ, ಕಾಗದದ ಗೆರೆ ಎಂಟಕ್ಕೆ ಬೀಳುತ್ತದೆ. ಹಾಡಿನ ಸಮ ಮತ್ತು ಕಾಗದದ ಗೆರೆ ಎಂಟು ಆವರ್ತಕ್ಕೊಮ್ಮೆ ಭೇಟಿಯಾಗುತ್ತವೆ. ಆ ಜಾಗದಲ್ಲಿ ಪಿಟೀಲಿನವರ ಮುಖ ಅರಳುವುದನ್ನು ನೀವು ನೋಡಬಹುದು. ಅಷ್ಟಕ್ಕೇ ಬಿಡಿ.

ಕೀಬೋರ್ಡ್ ನುಡಿಸುವಾಗ ಕಾಲಲ್ಲಿ ಸಸ್ಟೇನ್ ಪೆಡಲ್ ಒತ್ತಿಕೊಂಡೇ ನುಡಿಸಿ. ಪಿಯಾನೊಗಾರರ ಈ ಅಭ್ಯಾಸ ಮಿಡಿಯಲ್ಲಿ 64ನೇ ಕಂಟ್ರೋಲರ್ ಆಗಿ ದಾಖಲಾಗುತ್ತದೆ, ಹಲವು ಸಾಫ್ಟ್‌ವೇರ್‌ಗಳು ಅದನ್ನು 'ಪೆಡ್.' ಎಂದು ಸಾಲಿನ ಕೆಳಗೆ ಅಚ್ಚು ಹಾಕುತ್ತವೆ. ಚಕ್ಕಳಮಕ್ಕಳ ಹಾಕಿ ಕೂತು, ಪಿಟೀಲಿನ ತುದಿಯನ್ನು ಕಾಲಿನ ಮೇಲೆ ಊರಿಕೊಂಡ ವಿದ್ವಾಂಸರಿಗೆ ಪೆಡಲ್ ಒತ್ತಿ ಎಂಬ ಸೂಚನೆ ಸಿಕ್ಕರೆ ಅವರು ತಮ್ಮ ಪಾದವನ್ನು ಒಂದು ಸಲ ನೋಡಿಕೊಳ್ಳುತ್ತಾರೆ. ಇನ್ನು ಜೋರು ಮೆಲ್ಲಗೆಯ ಏರಿಳಿತವನ್ನೆಲ್ಲ ಮಾಡ್ಯುಲೇಶನ್ ಚಕ್ರದಿಂದಲೇ ಮಾಡಿ. ಅದು ಒಂದನೇ ಕಂಟ್ರೋಲರ್. ಕಂಪ್ಯೂಟರ್‌ನಲ್ಲಿ ಅಲೆಯಂತೆ ಏರಿ ಇಳಿಯುತ್ತದೆ, ಕಾಗದದ ಮೇಲೆ ಏನೂ ಬೀಳುವುದಿಲ್ಲ. ಹೀಗೆ ಬೇಕಾದದ್ದು ಅಚ್ಚಾಗದೆ, ಬೇಡದ್ದು ಅಚ್ಚಾದರೆ ನೀವು ಅರ್ಧ ದಾರಿ ಗೆದ್ದಿರಿ.

ಗಮಕದ ಕಡೆಗೆ ಬನ್ನಿ, ನಿಮ್ಮ ಕೌಶಲ ಪೂರ್ತಿ ಬೇಕಾಗುವುದು ಇಲ್ಲಿ. ಜಾರು, ಕಂಪಿತ ಇವನ್ನೆಲ್ಲ ಯಂತ್ರದಲ್ಲಿ ಪಿಚ್ ಬೆಂಡ್ ಚಕ್ರದಿಂದ ತರುತ್ತಾರೆ. ಆ ಚಕ್ರಕ್ಕೆ 16,384 ಮೆಟ್ಟಿಲು, ಅಂದರೆ ಕಿವಿಗೆ ಎಲ್ಲೂ ಜರ್ಕ್ ತಿಳಿಯದಷ್ಟು ನಯ. ಆದರೆ ಬೆಂಡ್ ಒಂದು ಸ್ವರಕ್ಕೆ ಸಂಬಂಧಿಸಿದ್ದಲ್ಲ, ಇಡೀ ಚಾನೆಲ್ಲಿಗೆ ಸಂಬಂಧಿಸಿದ್ದು. ಒಂದು ತಂತಿಯಲ್ಲಿ ಷಡ್ಜ ಹಿಡಿದು ಇನ್ನೊಂದರಲ್ಲಿ ಗಮಕ ನುಡಿಸಬೇಕೆಂದರೆ ಅವೆರಡಕ್ಕೂ ಬೇರೆ ಬೇರೆ ಚಾನೆಲ್ ಬೇಕೇ ಬೇಕು. ಎಂಪಿಇ ಎಂಬ ಹೊಸ ಪದ್ಧತಿ ಇದೇ ಕಾರಣಕ್ಕೆ ಬಂತು, ಅದು ಒತ್ತಿದ ಒಂದೊಂದು ಸ್ವರಕ್ಕೂ ಒಂದೊಂದು ಚಾನೆಲ್ ಕೊಡುತ್ತದೆ. ನೀವು ಎರಡನ್ನೂ ಒಂದರಲ್ಲೇ ಇಡಿ. ತೋಡಿಯ ಗಾಂಧಾರ ತೂಗಿದಾಗಲೆಲ್ಲ ಅಡಿಯಲ್ಲಿ ಷಡ್ಜವೂ ತೂಗುತ್ತದೆ. ಶ್ರುತಿಯೇ ಅಲ್ಲಾಡುವ ತೋಡಿ ಲೋಕಕ್ಕೆ ಹೊಸದು.

ಬೆಂಡ್ ಎಷ್ಟು ದೂರ ಎಳೆಯುತ್ತದೆ ಎಂಬುದನ್ನು ಪರೀಕ್ಷಿಸಲು ಹೋಗಬೇಡಿ. ಹೆಚ್ಚಿನ ವಾದ್ಯಗಳಲ್ಲಿ ಅದು ಮೊದಲೇ ಎರಡು ಸೆಮಿಟೋನಿಗೆ ಹೊಂದಿಸಿರುತ್ತದೆ. ಸ ಇಂದ ಪ ವರೆಗೆ ಜಾರಲು ಏಳು ಬೇಕು. ಒಂದು ಲೈಬ್ರರಿಯಲ್ಲಿ ಹನ್ನೆರಡು, ಇನ್ನೊಂದರಲ್ಲಿ ಎರಡು ಇರಲಿ. ಹಾಗಿದ್ದರೆ ಒಂದೇ ಜಾರು ಚೆಲ್ಲೊದಲ್ಲಿ ಗುಡ್ಡ ಹತ್ತುತ್ತದೆ, ಪಿಟೀಲಿನಲ್ಲಿ ಹೊಸ್ತಿಲೂ ದಾಟುವುದಿಲ್ಲ. ಸ್ಕೋರಿನಲ್ಲಿ ಇದಾವುದೂ ಕಾಣದು ಎಂಬುದೇ ಪಿಚ್ ಬೆಂಡಿನ ದೊಡ್ಡ ಗುಣ. ಕಂಪ್ಯೂಟರ್‌ನಲ್ಲಿ ಅಷ್ಟು ಚೆಂದ ಓಲಾಡಿದ ಗಾಂಧಾರ ಕಾಗದದಲ್ಲಿ ಒಂದು ಬೋಳು ಇ-ಫ್ಲ್ಯಾಟ್. ಸಾಧ್ಯವಾದರೆ ಅದನ್ನೂ ಡಿ-ಶಾರ್ಪ್ ಎಂದು ಬರೆಯಿರಿ, ಕೀಬೋರ್ಡ್‌ನಲ್ಲಿ ಎರಡಕ್ಕೂ ಕಪ್ಪು ಕೀಲಿ ಅದೇ ಅಲ್ಲವೇ.

ನಮ್ಮ ಸಂಗೀತವನ್ನು ಸ್ಟಾಫ್ ನೊಟೇಶನ್‌ನಲ್ಲಿ ಬರೆಯಲು ಆಗುವುದಿಲ್ಲ ಎಂದು ಯಾರಾದರೂ ವಾದಕ್ಕೆ ಬಂದರೆ ಸುಮ್ಮನೆ ಒಪ್ಪಿಕೊಳ್ಳಿ, ತಪ್ಪೆಲ್ಲ ನೊಟೇಶನ್ ಮೇಲೆ ಬೀಳುತ್ತದೆ. ಮದರಾಸಿನಲ್ಲಿ ಚಿನ್ನಸ್ವಾಮಿ ಮೊದಲಿಯಾರ್ ಎಂಬುವರು 1890ರ ದಶಕದಲ್ಲೇ ಕೃತಿಗಳನ್ನು ಸ್ಟಾಫ್‌ಗೆ ಇಳಿಸಿ ಅಚ್ಚು ಹಾಕಿಸಿದ್ದರು ಎಂಬುದನ್ನು ನೆನಪಿಸಬೇಡಿ. ಅವರಿಗೆ ಲ್ಯಾಪ್‌ಟಾಪ್ ಇರಲಿಲ್ಲ, ಹಾಗಾಗಿ ಸ್ವರ ಸ್ವರಕ್ಕೂ ಕೂತು ಯೋಚಿಸಬೇಕಾಗಿತ್ತು ಪಾಪ.

ಹೊಸ ಸಾಫ್ಟ್‌ವೇರ್‌ಗಳ ಬಗ್ಗೆ ಎಚ್ಚರವಾಗಿರಿ. ಕ್ಯೂಬೇಸ್‌ನಲ್ಲಿ 2009ರಿಂದ ಎಕ್ಸ್‌ಪ್ರೆಶನ್ ಮ್ಯಾಪ್ ಇದೆ. ಲಾಜಿಕ್‌ನಲ್ಲಿ 2018ರಿಂದ ಆರ್ಟಿಕ್ಯುಲೇಶನ್ ಸೆಟ್ ಇದೆ. 2016ರಲ್ಲಿ ಬಂದ ಡೊರಿಕೊ ಕೂಡ ಇದೇ ಜಾತಿಯದು. ಒಮ್ಮೆ ಸರಿಯಾಗಿ ಹೊಂದಿಸಿಬಿಟ್ಟರೆ, ಸ್ಕೋರಿನಲ್ಲಿ ನೀವು ಚುಕ್ಕಿ ಇಟ್ಟ ಕೂಡಲೇ ಯಂತ್ರ ತಾನೇ ಸ್ಟ್ಯಾಕಾಟೊಗೆ ಹೋಗುತ್ತದೆ. ಕೀಸ್ವಿಚ್ಚೋ ಚಾನೆಲ್ಲೋ ಏನು ಬೇಕೋ ಹಿಂದಿನಿಂದ ಕಳಿಸುತ್ತದೆ. ಮನುಷ್ಯರು ಓದುವ ಗುರುತೇ ಯಂತ್ರಕ್ಕೂ ಆಜ್ಞೆ. ಇಷ್ಟಾದರೆ ನಮ್ಮ ಈ ಇಡೀ ಕೈಪಿಡಿಗೆ ಬೆಲೆಯೆಲ್ಲಿ? ಒಂದು ಭಾನುವಾರ ಕೂತು ಮ್ಯಾಪ್ ಹೊಂದಿಸುವ ಯೋಚನೆ ಬಂದರೆ ಚನ್ನರಾಯಪಟ್ಟಣದ ಯಾವುದಾದರೂ ಮದುವೆಗೆ ಹೋಗಿಬನ್ನಿ. ಊಟ ಮಾಡಿ ಬರುವ ಹೊತ್ತಿಗೆ ಯೋಚನೆ ಹೋಗಿರುತ್ತದೆ.

ಗಿರಾಕಿಯ ಹತ್ತಿರ ಮುಂಗಡ ಕೇಳಲು ಚರಿತ್ರೆ ಉಪಯೋಗಕ್ಕೆ ಬರುತ್ತದೆ. ಹೊಳೆನರಸೀಪುರದ ಗೌಡರು ಭಕ್ತಿಗೀತೆ ಮಾಡಿಸಲು ಬಂದಿದ್ದಾರೆ ಎನ್ನಿ. ಕಾಫಿ ತರಿಸಿ, ಮೈಸೂರಿನ ಜಯಚಾಮರಾಜ ಒಡೆಯರ್ ಕಥೆ ತೆಗೆಯಿರಿ. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಜರ್ಮನ್ ಸಂಯೋಜಕ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಗೀತೆಗಳು ಮೊದಲ ಸಲ ಕೇಳಿಬಂದವು. ಸ್ಟ್ರಾಸ್ ತೀರಿಕೊಂಡು ಎಂಟು ತಿಂಗಳಾಗಿತ್ತು. ಫುರ್ಟ್‌ವೆಂಗ್ಲರ್ ನಡೆಸಿದ ಆ ಕಚೇರಿಗೆ ಹಣದ ಭರವಸೆ ಕೊಟ್ಟವರು ನಮ್ಮ ಮಹಾರಾಜರು. "ಅಂಥ ಪರಂಪರೆ ಸಾರ್ ನಮ್ಮದು, ಲೈವ್ ಸ್ಟ್ರಿಂಗ್ಸ್ ಇಲ್ಲದೆ ಆಗುತ್ತಾ?" ಎಂದು ನಿಲ್ಲಿಸಿ. ಗೌಡರು ಮಹಾರಾಜರ ಸಾಲಿನಲ್ಲಿ ತಾವು ಕೂತಂತೆ ಒಂದು ಕ್ಷಣ ಭಾವಿಸುತ್ತಾರೆ. ಆ ಕ್ಷಣದಲ್ಲೇ ಮೊತ್ತ ಹೇಳಿ. ಆ ಕಚೇರಿಯಲ್ಲಿ ವಾದ್ಯಗಾರರ ಸ್ಟ್ಯಾಂಡಿನ ಮೇಲಿದ್ದ ಕಾಗದಗಳನ್ನು ಓದಲು ಆಗುತ್ತಿತ್ತು ಎಂಬ ವಿವರ ಅವರಿಗೆ ಬೇಕಾಗಿಲ್ಲ.

ಮೈಸೂರು ಚೌಡಯ್ಯನವರ ಹೆಸರನ್ನೂ ಎತ್ತಿ. ಮೈಕ್ ಇಲ್ಲದ ಸಭೆಯ ಕೊನೆಯ ಸಾಲಿಗೂ ಕೇಳಿಸಲೆಂದು ಅವರು ಪಿಟೀಲಿಗೆ ಮೂರು ತಂತಿ ಹೆಚ್ಚಿಗೆ ಕಟ್ಟಿ ಏಳು ತಂತಿ ಮಾಡಿಕೊಂಡರು. ಏಳು ತಂತಿಯ ಶ್ರುತಿ ಸೇರಿಸಿ, ಅದರ ಮೇಲೆ ಕಮಾನು ಹಿಡಿತಕ್ಕೆ ತರಲು ಮಾಡಿದ ಸಾಧಕ ಎಷ್ಟೋ. ನಿಮಗೆ ಆ ತೊಂದರೆಯಿಲ್ಲ. ಎಲ್ಲ ಸ್ವರಗಳನ್ನೂ ಆಯ್ಕೆ ಮಾಡಿ, ಎಷ್ಟು ಜೋರು ಎಂದು ಹೇಳುವ ವೆಲಾಸಿಟಿಯನ್ನು ಗರಿಷ್ಠವಾದ 127ಕ್ಕೆ ಏರಿಸಿ.

ರೆಕಾರ್ಡಿಂಗ್ ದಿನಕ್ಕೆ ಸಿದ್ಧರಾಗಿ. ಸ್ಟುಡಿಯೊ ಬಾಡಿಗೆ ಗಂಟೆ ಲೆಕ್ಕ, ಕಲಾವಿದರದು ಕಾಲ್‌ಶೀಟ್ ಲೆಕ್ಕ. ಪ್ರಿಂಟ್ ಮುಂಚಿತವಾಗಿ ಕಳಿಸಬೇಡಿ. ಒಂದು ಹಾಳೆಯನ್ನಾದರೂ ಹಿಂದಿನ ದಿನ ಪಿಟೀಲಿನ ಮೇಷ್ಟ್ರೊಬ್ಬರಿಗೆ ತೋರಿಸಿದರೆ ಹತ್ತು ನಿಮಿಷದಲ್ಲಿ ತಪ್ಪೆಲ್ಲ ಹೊರಬೀಳುತ್ತದೆ, ಅಷ್ಟು ದಿನದ ಶ್ರಮ ವ್ಯರ್ಥ. ಬೆಳಗ್ಗೆಯೇ ಹಾಸನದ ಜೆರಾಕ್ಸ್ ಅಂಗಡಿಯಲ್ಲಿ ಎ-4 ಹಾಳೆಗೆ ಕುಗ್ಗಿಸಿ ತೆಗೆಸಿ. ಪುಟಸಂಖ್ಯೆ ಬೇಡ. ವಾದ್ಯದ ಹೆಸರು ಬರೆಯಬೇಕಾದ ಕಡೆ ಸಾಫ್ಟ್‌ವೇರ್ ತಾನೇ ಹಾಕಿದ 'ಇನ್‌ಸ್ಟ್ರುಮೆಂಟ್ 17' ಇರಲಿ. ಬರುವವರು ಸರಿಗಮ ಓದುವವರೋ ಸ್ಟಾಫ್ ಓದುವವರೋ ಎಂದು ಫೋನಿನಲ್ಲಿ ಕೇಳಬೇಡಿ. ಸ್ಟಾಫ್ ಪಿಟೀಲಿನ ತಂತಿಗಳನ್ನು ಜಿ-ಡಿ-ಎ-ಇ ಎಂದು ಲೆಕ್ಕ ಹಾಕಿರುತ್ತದೆ. ನಮ್ಮ ವಿದ್ವಾಂಸರು ಹಾಡಿನ ಶ್ರುತಿಗೆ ತಕ್ಕಂತೆ ಸ-ಪ-ಸ-ಪ ಕಟ್ಟಿಕೊಂಡಿರುತ್ತಾರೆ. ಬಿಡಿತಂತಿ ಮೀಟಿ ಎಂದು ನೀವು ಬರೆದ ಕಡೆ ಅವರ ಕೈಗೆ ಬರುವುದು ಬೇರೆಯೇ ಸ್ವರ.

ಮೊದಲ ಗಂಟೆ ಹಾಳೆ ಜೋಡಿಸುವುದರಲ್ಲಿ ಕಳೆಯುತ್ತದೆ. ಎರಡನೆಯ ಗಂಟೆಯಲ್ಲಿ ನಿಮಗೆ ನಿಜವಾದ ಅಪಾಯ ಎದುರಾಗುತ್ತದೆ. ನಾಲ್ವರಲ್ಲಿ ಹಿರಿಯರೊಬ್ಬರು ಹಾಳೆಯನ್ನು ಮಗುಚಿಟ್ಟು, ಜೇಬಿನಿಂದ ಪೆನ್ಸಿಲ್ ತೆಗೆದು, "ಇದೆಲ್ಲ ಇರಲಿ ಕಣಪ್ಪ. ಒಂದು ಸಲ ಬಾಯಲ್ಲಿ ಹೇಳಿಬಿಡು" ಅನ್ನುತ್ತಾರೆ. ಖಂಡಿತ ಹಾಡಬೇಡಿ. ಹಾಡಿದಿರೋ, ಅವರು ಹಾಳೆಯ ಹಿಂಬದಿಯಲ್ಲಿ ಕನ್ನಡದಲ್ಲೇ ಸ್ವರ ಗೀಚಿಕೊಳ್ಳುತ್ತಾರೆ, ಎಲ್ಲಿ ಜಾರು ಎಲ್ಲಿ ಮೀಟು ಎಂದು ಎರಡೇ ಗುರುತು ಹಾಕುತ್ತಾರೆ, ಪಕ್ಕದವರಿಗೆ ಕಣ್ಣಲ್ಲೇ ಹೇಳುತ್ತಾರೆ. ಐದು ಸಾಲು, ಹದಿನಾರು ಚಾನೆಲ್, ಹನ್ನೊಂದು ಅಡ್ಡಗೆರೆ ಎಲ್ಲ ಮಣ್ಣುಪಾಲು. ಎರಡನೆಯ ಟೇಕಿಗೇ ಹಾಡು ಮುಗಿದುಹೋಗುತ್ತದೆ. ಗಂಟಲು ಕಟ್ಟಿದೆ ಎಂದು ಹೇಳಿ, ಮಫ್ಲರ್ ಮುಂಚೆಯೇ ಸುತ್ತಿಕೊಂಡು ಹೋಗಿ.

ಅವರು "ಹಾಗಾದರೆ ಕಂಪ್ಯೂಟರಲ್ಲಾದರೂ ಕೇಳಿಸಪ್ಪ, ಕೇಳಿಕೊಂಡೇ ನುಡಿಸ್ತೀವಿ" ಎನ್ನಬಹುದು. ಲೈಸೆನ್ಸ್ ಡಾಂಗಲ್ ಮನೆಯಲ್ಲಿ ಮರೆತೆ ಎನ್ನಿ. ನಿಮ್ಮ ಪೆನ್‌ಡ್ರೈವ್ ಲೈಬ್ರರಿಗೆ ಅಂಥ ಡಾಂಗಲ್ ಇಲ್ಲವೆಂಬುದು ನಿಮಗೂ ದೇವರಿಗೂ ಮಾತ್ರ ಗೊತ್ತು.

ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಬೇಸತ್ತು ಉದ್ದುದ್ದ ಷಡ್ಜ ಪಂಚಮ ಹಿಡಿದು ಕೊಡುತ್ತಾರೆ. ಅಷ್ಟು ಸಾಕು. ಅದನ್ನು ಮಿಕ್ಸಿಂಗ್‌ನಲ್ಲಿ ಕೇಳಿಸದಷ್ಟು ಕೆಳಗಿಟ್ಟು, ಮೇಲೆ ನಿಮ್ಮ ಲೈಬ್ರರಿಯನ್ನೇ ಹರಡಿ. ಬಿಲ್ಲಿನಲ್ಲಿ 'ಲೈವ್ ಸ್ಟ್ರಿಂಗ್ಸ್' ಎಂದು ದಪ್ಪಕ್ಷರದಲ್ಲಿ ನಮೂದಿಸಿ, ಹಾಡಿನ ವಿವರದಲ್ಲಿ ನಾಲ್ವರ ಹೆಸರನ್ನೂ ತಪ್ಪದೆ ಹಾಕಿ. ಅವರ ಕಾಲ್‌ಶೀಟ್ ದುಡ್ಡು ಮಾತ್ರ ಅಂದೇ ಸಂಜೆ, ಬಸ್ ಹತ್ತುವ ಮುಂಚೆ ಕೈಗೆ ಕೊಟ್ಟುಬಿಡಿ. ಈ ಕಡೆ ಪಿಟೀಲಿನವರೆಲ್ಲ ಒಬ್ಬರಿಗೊಬ್ಬರು ಗೊತ್ತಿದ್ದಾರೆ, ಮುಂದಿನ ಹಾಡಿಗೂ ಇವರನ್ನೇ ಕರೆಯಬೇಕು.